ಮನೆವಾರ್ತೆ: ದೀಪವಾರಿದಾಗ ತಂಪಿನ ಪೆಟ್ಟಿಗೆ



ಮಿರ್ಗದ ಮಳೆ ಹಿಡಿಯುವ ಮೊದಲು ಮಾಡಿನ ಹಂಚು ಸರಿಪಡಿಸುವದು, ಒಣಗಿದ ಕಟ್ಟಿಗೆಯನ್ನು ಒಳಗೆ ಸೇರಿಸುವದು, ಹಪ್ಪಳ ಸಂಡಿಗೆಗಳನ್ನು ಡಬ್ಬಿಗೆ ತುಂಬುವದು, ಮಿಡಿ ಉಪ್ಪಿನಕಾಯಿಯ ಭರಣಿಗೆ ಬಟ್ಟೆ ಕಟ್ಟುವದು, ಇವೆಲ್ಲ ನಮ್ಮ ಸೀಮೆಯ ಗೃಹಸ್ಥರ ಹಳೆಯ ಕರ್ತವ್ಯಗಳು. ಈ ಪಟ್ಟಿಗೆ ಈಚೆಗೆ ಇನ್ನೊಂದು ಸೇರಿಕೊಂಡಿದೆ. ವಿದ್ಯುತ್ತು ನಿಂತ ದಿನಗಳಲ್ಲಿ ಮನೆಯ ಫ್ರಿಜ್ಜನ್ನು ತಂಪಾಗಿ ಉಳಿಸಿಕೊಳ್ಳುವ ಬಗೆ ಹೇಗೆ? ಘಟ್ಟದ ಬುಡದ ಒಂದು ಹಳ್ಳಿಯಿಂದ ಸೋದರಿಯೊಬ್ಬರು ಬರೆದು ಕೇಳಿದ್ದಾರೆ: “ಮಾಸ್ತರರೇ, ಕರೆಂಟು ಹೋದರೆ ಎರಡು ದಿನ, ಮೂರು ದಿನ ಬರುವದಿಲ್ಲ. ಹಾಲು ಒಡೆದರೆ ಚೆಲ್ಲಿದೆವು, ಮೊಸರು ಹುಳಿಯಾದರೆ ದನಕ್ಕೆ ಹಾಕಿದೆವು. ಆದರೆ ನಮ್ಮ ಅತ್ತೆಯವರ ಇನ್ಸುಲಿನ್ ಸೀಸೆಗಳು ಅದರೊಳಗಿವೆ. ಮಕ್ಕಳು ಬೆಂಗಳೂರಿನಿಂದ ಇನ್ವರ್ಟರ್ ತರಿಸಿರಿ ಎನ್ನುತ್ತಾರೆ, ಅಂಗಡಿಯವರು ಜನರೇಟರ್ ಎನ್ನುತ್ತಾರೆ, ಯಾವದನ್ನು ನಂಬುವದು?” ಪ್ರಶ್ನೆಯು ಒಂದೇ ಮನೆಯದಲ್ಲ. ಆದುದರಿಂದ ಈ ತಿಂಗಳ ಪುಟವನ್ನು ಅದಕ್ಕೇ ಮೀಸಲಿಡುತ್ತೇನೆ.

ಹೊರಗಿನವರಿಗೆ ಇದು ವಿಚಿತ್ರವಾಗಿ ತೋರಬಹುದು. ನಮ್ಮ ಉತ್ತರ ಕನ್ನಡ ಜಿಲ್ಲೆಯೇ ನಾಡಿಗೆ ಬೆಳಕು ಕೊಡುವ ಜಿಲ್ಲೆ. ಕಾಳಿ ನದಿಯ ಮೇಲೆ ನಾಗಝರಿ, ಕೊಡಸಳ್ಳಿ, ಕದ್ರಾಗಳ ವಿದ್ಯುದಾಗಾರಗಳಿವೆ. ಕಾರವಾರ ತಾಲೂಕಿನ ಕೈಗಾದಲ್ಲಿ ತಲಾ 220 ಮೆಗಾವಾಟಿನ ನಾಲ್ಕು ಅಣುಘಟಕಗಳಿವೆ. ಅವುಗಳಲ್ಲಿ ಮೊದಲನೆಯದು 2018ನೆಯ ಇಸವಿಯ ಡಿಸೆಂಬರ 31ರವರೆಗೆ ಎಡೆಬಿಡದೆ 962 ದಿನ ನಡೆದು ಲೋಕದಲ್ಲಿ ಹೆಸರು ಪಡೆಯಿತು. ಹೀಗಿದ್ದೂ ಸುಂಕಸಾಳ, ರಾಮನಗುಳಿ, ಹಿಲ್ಲೂರುಗಳ ಕಡೆಯ ಮನೆಗಳಲ್ಲಿ ಆಷಾಢದ ರಾತ್ರಿ ಕತ್ತಲೆಯಾದರೆ, ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆಯನ್ನು ಹೇಳಿ ನಗುವದು ಸುಲಭ. ಆದರೆ ವಿದ್ಯುತ್ತು ಹುಟ್ಟುವದು ಬೇರೆ, ಮನೆಯ ಬಾಗಿಲಿಗೆ ಮುಟ್ಟುವದು ಬೇರೆ. ನಮ್ಮ ಹನ್ನೊಂದು ಸಾವಿರ ವೋಲ್ಟಿನ ತಂತಿಗಳು ಮೈಲುಗಟ್ಟಲೆ ಕಾಡಿನೊಳಗೆ ಬರುತ್ತವೆ. ಒಂದು ನೆನೆದ ಟೊಂಗೆ ಬಿದ್ದರೆ ಸಾಕು. 2019ರ ಆಗಸ್ಟಿನಲ್ಲಿಯೂ 2021ರ ಜುಲೈಯಲ್ಲಿಯೂ ಗಂಗಾವಳಿಯು ದಂಡೆ ಮೀರಿ ಮನೆಗಳಿಗೆ ನುಗ್ಗಿದಾಗ, 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡವೇ ಹೆದ್ದಾರಿಯ ಮೇಲೆ ಕುಸಿದಾಗ, ಕಂಬಗಳ ಕಥೆ ಹೇಳಬೇಕಾದುದಿಲ್ಲ. ಅಂಥ ಹೊತ್ತಿನಲ್ಲಿ ಕಂಬ ಹತ್ತುವವರನ್ನು ಬೈದು ಫಲವಿಲ್ಲ. ಅವರ ವಿಷಯವಾಗಿ ಮುಂದೆ ಒಂದು ಮಾತು ಹೇಳುವದಿದೆ.

ನಮ್ಮ ಶಾಸ್ತ್ರಕಾರರು ಇಲ್ಲದುದನ್ನು ಪಡೆಯುವದಕ್ಕೆ ಯೋಗವೆಂದೂ, ಪಡೆದುದನ್ನು ಕಾಯುವದಕ್ಕೆ ಕ್ಷೇಮವೆಂದೂ ಹೆಸರಿಟ್ಟರು. ಫ್ರಿಜ್ಜಿನ ವಿಷಯದಲ್ಲಿ ಅಂಗಡಿಯವರು ಹೇಳುವದೆಲ್ಲ ಯೋಗದ ಮಾತು: ಯಂತ್ರ ಕೊಳ್ಳಿರಿ, ಬ್ಯಾಟರಿ ಕೊಳ್ಳಿರಿ. ನಾನು ಮೊದಲು ಕ್ಷೇಮದ ಮಾತು ಹೇಳುತ್ತೇನೆ. ಅದಕ್ಕೆ ಖರ್ಚು ಕಡಿಮೆ.

ಫ್ರಿಜ್ಜು ತಂಪನ್ನು ಹುಟ್ಟಿಸುವದಿಲ್ಲ. ಒಳಗಿನ ಉಷ್ಣವನ್ನು ಹೊತ್ತು ಹೊರಗೆ ಹಾಕುತ್ತದೆ. ಹೊರಗಿನ ಉಷ್ಣವು ಗೋಡೆಯ ಮೂಲಕ, ಬಾಗಿಲಿನ ರಬ್ಬರಿನ ಸಂದಿಯಿಂದ ಮೆಲ್ಲಗೆ ಪುನಃ ಒಳಸೇರುತ್ತಿರುತ್ತದೆ. ವಿದ್ಯುತ್ತು ನಿಂತಾಗ ಹೊರುವವನು ನಿಂತನು; ಒಳಬರುವವನು ನಿಲ್ಲಲಿಲ್ಲ. ಬಾಗಿಲನ್ನು ತೆರೆಯದೆ ಇದ್ದರೆ ಸಾಮಾನ್ಯವಾದ ಫ್ರಿಜ್ಜಿನ ಕೆಳಗಿನ ಭಾಗವು ಸುಮಾರು 4 ಗಂಟೆಯವರೆಗೆ ಆಹಾರವನ್ನು ಕ್ಷೇಮವಾಗಿ ಇಡುವದೆಂದು ಆಹಾರಶಾಸ್ತ್ರಜ್ಞರ ಅಭಿಪ್ರಾಯ. ತುಂಬಿದ ದೊಡ್ಡ ಡೀಪ್ ಫ್ರೀಜರು 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ ತಾಳೀತು. ನಮ್ಮ ಮನೆಗಳ ಒಂದೇ ಬಾಗಿಲಿನ ಪೆಟ್ಟಿಗೆಯ ಮೇಲ್ಭಾಗದ ಚಿಕ್ಕ ಗೂಡಿಗೆ ಈ ಲೆಕ್ಕ ಹತ್ತುವದಿಲ್ಲವೆಂಬುದನ್ನು ನೆನಪಿಡಬೇಕು.

ತುಂಬಿದ್ದು ಹೆಚ್ಚು ತಾಳುವದೇಕೆ? ಇಲ್ಲಿಯೇ ಗುಟ್ಟಿದೆ. ಒಂದು ಗ್ರಾಮು ಮಂಜುಗಡ್ಡೆಯು ಕರಗಿ ಅಷ್ಟೇ ತಂಪಿನ ನೀರಾಗುವದಕ್ಕೆ 80 ಕ್ಯಾಲರಿ ಉಷ್ಣವನ್ನು ನುಂಗುತ್ತದೆ. ಅಷ್ಟೇ ಉಷ್ಣದಿಂದ ಅದೇ ನೀರನ್ನು ಸೊನ್ನೆಯಿಂದ 80 ಅಂಶದವರೆಗೆ, ಅಂದರೆ ಕೈಸುಡುವಷ್ಟು ಕಾಯಿಸಬಹುದು. ಸ್ಕಾಟ್ಲಂಡಿನ ಜೋಸೆಫ್ ಬ್ಲ್ಯಾಕ್ ಎಂಬ ಪಂಡಿತನು 1760ರ ದಶಕದಲ್ಲಿ ಇದನ್ನು ಕಂಡುಕೊಂಡನು. ನಮ್ಮ ಶಾಲಾಪುಸ್ತಕಗಳಲ್ಲಿ ಇದಕ್ಕೆ ಗುಪ್ತೋಷ್ಣವೆಂದು ಹೆಸರು. ಮಕ್ಕಳು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆದು ಮರೆಯುವ ಈ ಒಂದು ಸಂಗತಿಯು ಮಳೆಗಾಲದಲ್ಲಿ ಮನೆ ಕಾಯುವದು.

ಒಂದು ಲೀಟರಿನ ನಾಲ್ಕು ಪ್ಲಾಸ್ಟಿಕ್ ಬಾಟಲಿಗಳನ್ನು ತೆಗೆದುಕೊಳ್ಳಿರಿ. ನೀರು ಗಟ್ಟಿಯಾಗುವಾಗ ಹಿಗ್ಗುವದರಿಂದ ಹತ್ತರಲ್ಲೊಂದು ಪಾಲು ಖಾಲಿ ಬಿಟ್ಟು ತುಂಬಿಸಿರಿ. ಮೇಲ್ಗೂಡಿನಲ್ಲಿ ಮಳೆಗಾಲವೆಲ್ಲ ಅವು ಇದ್ದೇ ಇರಲಿ. ಇನ್ನು ಸ್ಥೂಲವಾದ ಗಣಿತ: ನಾಲ್ಕು ಕಿಲೋ ಮಂಜುಗಡ್ಡೆ ಕರಗುವಾಗ ನುಂಗುವ ಉಷ್ಣವು ನಮ್ಮ ವಿದ್ಯುತ್ ಬಿಲ್ಲಿನ ಭಾಷೆಯಲ್ಲಿ ಒಂದು ಯೂನಿಟ್ಟಿನ ಮೂರರಲ್ಲೊಂದು ಪಾಲಿಗಿಂತ ತುಸು ಹೆಚ್ಚು. 190 ಲೀಟರಿನ ಮುಚ್ಚಿದ ಪೆಟ್ಟಿಗೆಯೊಳಗೆ ಗಂಟೆಗೆ ಸುಮಾರು 30 ವಾಟಿನ ದರದಿಂದ ಉಷ್ಣ ಸೋರುತ್ತದೆಂದು ಇಟ್ಟುಕೊಂಡರೆ, ನಾಲ್ಕು ಬಾಟಲಿಗಳು ಹತ್ತು ಹನ್ನೆರಡು ಗಂಟೆ ಕಾವಲಿದ್ದಂತಾಯಿತು. ವಿದ್ಯುತ್ತು ಹೋದ ಕೂಡಲೆ ಎರಡು ಬಾಟಲಿಗಳನ್ನು ಕೆಳಗಿನ ಭಾಗದ ಮೇಲ್ಹಲಗೆಯಲ್ಲಿ, ಹಾಲಿನ ಪಾತ್ರೆಯ ಮಗ್ಗುಲಿಗೆ ಇಡಿರಿ. ತಂಪುಗಾಳಿ ಭಾರವಾದುದರಿಂದ ಕೆಳಗಿಳಿಯುತ್ತದೆ. ಖರ್ಚು ಎಷ್ಟಾಯಿತು? ಸೊನ್ನೆ.

ಇದು ಬಡವರ ಉಪಾಯವೆಂದು ಯಾರೂ ಮೂಗು ಮುರಿಯಬೇಕಾಗಿಲ್ಲ. ಸರಕಾರದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಮಕ್ಕಳ ಲಸಿಕೆಗಳನ್ನು ಇಡುವ ಪೆಟ್ಟಿಗೆಯು ಇದೇ ತತ್ವದಿಂದ ನಡೆಯುತ್ತದೆ. ಅದರ ಗೋಡೆಯ ಸುತ್ತ ಮಂಜುಗಡ್ಡೆಯ ಪದರವಿರುವದು. ದಿನದ 24 ಗಂಟೆಗಳಲ್ಲಿ 8 ಗಂಟೆ ವಿದ್ಯುತ್ತು ದೊರೆತರೂ ಲಸಿಕೆಗೆ ಬೇಕಾದ ತಂಪು ಉಳಿಯುವದು. ಇನ್ನೂ ಹಿಂದಿನ ಕಥೆ ಬೇಕಾದರೆ, 1833ರಲ್ಲಿ ಅಮೇರಿಕದ ಬೋಸ್ಟನ್ನಿನಿಂದ ಫ್ರೆಡರಿಕ್ ಟ್ಯೂಡರ್ ಎಂಬ ವರ್ತಕನು ಕೆರೆಯ ಮಂಜುಗಡ್ಡೆ 180 ಟನ್ನನ್ನು ಹಡಗಿನಲ್ಲಿ ತುಂಬಿ ಕಲಕತ್ತೆಗೆ ಕಳುಹಿಸಿದನು. ನಾಲ್ಕು ತಿಂಗಳು ಉಷ್ಣವಲಯದ ಸಮುದ್ರದಲ್ಲಿ ತೇಲಿ ಬಂದ ಮೇಲೂ ಸುಮಾರು 100 ಟನ್ನು ಉಳಿದಿತ್ತು. ಯಂತ್ರವಿಲ್ಲ, ವಿದ್ಯುತ್ತಿಲ್ಲ, ಉಷ್ಣವನ್ನು ಒಳಗೆ ಬಿಡದ ಹೊದಿಕೆಯೇ ಅದನ್ನು ಕಾದಿತು. ಬೇಲೇಕೇರಿಯ ಬಂದರಿನಲ್ಲಿ ಮೀನು ತುಂಬುವವರಿಗೆ ಈ ಪಾಠವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅವರು ಬಳಸುವಂಥ ಥರ್ಮೋಕೋಲಿನ ಮುಚ್ಚಳದ ಪೆಟ್ಟಿಗೆಯೊಂದು ಮನೆಯಲ್ಲಿರಲಿ. ನಿಲುಗಡೆ ದೀರ್ಘವಾದೀತೆಂದು ಕಂಡಾಗ ಹಾಲು, ಔಷಧ ಮೊದಲಾದ ಅಗತ್ಯದ ಸಾಮಾನನ್ನು ಮಂಜಿನ ಬಾಟಲಿಗಳೊಡನೆ ಅದಕ್ಕೆ ಸೇರಿಸಿದರೆ, ದೊಡ್ಡ ಫ್ರಿಜ್ಜಿನ ಬಾಗಿಲನ್ನು ಹತ್ತು ಸಾರೆ ತೆರೆಯುವ ಗೊಡವೆ ತಪ್ಪುವದು.

ಹಳೆಯವರು ಮಣ್ಣಿನ ಮಡಕೆಗೆ ಒದ್ದೆ ಬಟ್ಟೆ ಸುತ್ತಿ ತಂಪು ಪಡೆಯುತ್ತಿದ್ದರಲ್ಲ, ಅದನ್ನೇ ಮಾಡಬಾರದೆ ಎಂದು ಕೇಳುವವರಿದ್ದಾರೆ. ವಿಜಯಪುರ, ಬಾಗಲಕೋಟೆಗಳ ಒಣ ಬಿಸಿಲಿನಲ್ಲಿ ಅದು ಬಹಳ ಒಳ್ಳೆಯ ಉಪಾಯ. ನೀರು ಆರುವಾಗ ಉಷ್ಣವನ್ನು ಒಯ್ಯುತ್ತದೆ; ಆದರೆ ಆರಬೇಕಾದರೆ ಗಾಳಿ ಒಣದಾಗಿರಬೇಕು. ನಮ್ಮ ಕರಾವಳಿಯ ಶ್ರಾವಣದ ಗಾಳಿಯಲ್ಲಿ ಹೊರಗೆ ಹಾಕಿದ ಪಂಚೆಯೇ ಮೂರು ದಿನಕ್ಕೆ ಒಣಗುವದಿಲ್ಲ. ಮಡಕೆಯು ತಣಿಯುವದೆಲ್ಲಿಂದ ಬಂತು?

ಇನ್ನು ಇನ್ವರ್ಟರಿನ ಮಾತು. ಈ ಶಬ್ದದಿಂದಲೇ ಅರ್ಧ ಗೊಂದಲ. “ಇನ್ವರ್ಟರ್ ಫ್ರಿಜ್” ಎಂದು ಅಂಗಡಿಯಲ್ಲಿ ಬರೆದಿದ್ದರೆ ಅದಕ್ಕೆ ಬ್ಯಾಟರಿ ಇದೆಯೆಂದು ಅರ್ಥವಲ್ಲ. ಅದರ ಕಂಪ್ರೆಸ್ಸರು ಒಮ್ಮೆಲೇ ಓಡಿ ಒಮ್ಮೆಲೇ ನಿಲ್ಲದೆ, ಬೇಕಾದಷ್ಟೇ ವೇಗದಿಂದ ಓಡುವದೆಂದು ಮಾತ್ರ ಅರ್ಥ. ವಿದ್ಯುತ್ತು ಹೋದರೆ ಅದೂ ನಿಲ್ಲುವದು. ಆದರೆ ಒಂದು ಗುಣವಿದೆ: ಹಳೆಯ ಬಗೆಯ ಕಂಪ್ರೆಸ್ಸರು ಹೊರಡುವ ಕ್ಷಣದಲ್ಲಿ ಓಡುವಾಗಿನ ಐದಾರು ಪಟ್ಟು ವಿದ್ಯುತ್ತನ್ನು ಸೆಳೆಯುತ್ತದೆ, ಹೊಸ ಬಗೆಯದು ಮೆಲ್ಲಗೆ ಹೊರಡುತ್ತದೆ. ಹೀಗಾಗಿ ಮನೆಯ ಬ್ಯಾಟರಿಯ ಇನ್ವರ್ಟರಿಗೆ ಅದು ಹಗುರವಾದ ನೆಂಟ. ಹಳೆಯ ಫ್ರಿಜ್ಜಿದ್ದವರು 900 ವಿ.ಎ.ಗಿಂತ ಕಡಿಮೆಯದನ್ನು ಕೊಳ್ಳದಿರುವದು ಲೇಸು. ಅದು ಸೈನ್ ವೇವ್ ಜಾತಿಯದಾಗಿರಲಿ. ಸ್ಕ್ವೇರ್ ವೇವ್ ಎಂಬ ಅಗ್ಗದ ಜಾತಿಯದರಲ್ಲಿ ಮೋಟಾರು ಗುಂಯ್ಗುಟ್ಟುತ್ತದೆ, ಕಾಯುತ್ತದೆ, ಅಲ್ಪಾಯುವಾಗುತ್ತದೆ.

ಬ್ಯಾಟರಿ ಎಷ್ಟು ಹೊತ್ತು ಬರುವದೆಂಬುದನ್ನು ಅಂಗಡಿಯವರ ಬಾಯಿಂದ ಕೇಳಬಾರದು. ಕಾಗದ ಪೆನ್ಸಿಲು ಹಿಡಿದು ತಾವೇ ಕಂಡುಕೊಳ್ಳಬೇಕು. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ನಕ್ಷತ್ರಗಳ ಚೀಟಿಯಲ್ಲಿ ವರುಷಕ್ಕೆ ಇಷ್ಟು ಯೂನಿಟ್ ಎಂದು ಬರೆದಿರುತ್ತದೆ. 180 ಎಂದಿದ್ದರೆ 365ರಿಂದ ಭಾಗಿಸಿರಿ. ದಿನಕ್ಕೆ ಅರ್ಧ ಯೂನಿಟ್. ಮಕ್ಕಳು ಬಾಗಿಲು ತೆರೆಯುವದು, ಬಿಸಿ ಸಾರು ಒಳಗಿಡುವದು ಮುಂತಾದ ಗೃಹಕೃತ್ಯಗಳನ್ನು ಸೇರಿಸಿ ಮುಕ್ಕಾಲು ಯೂನಿಟ್ ಹಿಡಿಯೋಣ. ಅಂದರೆ ಸರಾಸರಿ ಗಂಟೆಗೆ 31 ವಾಟು. ಓಡುವಾಗ 100 ವಾಟಿನಷ್ಟು ಎಳೆದರೂ ಕಂಪ್ರೆಸ್ಸರು ಎಲ್ಲ ಹೊತ್ತೂ ಓಡುವದಿಲ್ಲವಷ್ಟೆ. ಇನ್ವರ್ಟರು ಕೂಡ ತನ್ನ ಊಟಕ್ಕೆ 15–20 ವಾಟು ತಿನ್ನುವದು. ಒಟ್ಟು 50. ಈಗ ಬ್ಯಾಟರಿ: 12 ವೋಲ್ಟು, 150 ಆಂಪಿಯರ್ ಗಂಟೆ, ಗುಣಿಸಿದರೆ 1800. ಸೀಸದ ಬ್ಯಾಟರಿಯನ್ನು ತಳದವರೆಗೆ ಬರಿದು ಮಾಡಿದರೆ ಅದು ಬಹುಕಾಲ ಬಾಳದು, ಆದುದರಿಂದ ಐದರಲ್ಲಿ ಎರಡು ಪಾಲು ಬಿಟ್ಟುಬಿಡಬೇಕು. ಪರಿವರ್ತನೆಯಲ್ಲಿ ಸೋರುವದನ್ನೂ ಕಳೆದರೆ ಉಳಿಯುವದು 900. ಅದನ್ನು 50ರಿಂದ ಭಾಗಿಸಿದರೆ 18 ಗಂಟೆ.

ಹದಿನೆಂಟು ಗಂಟೆ! ಎಂದು ಹಿಗ್ಗುವದಕ್ಕೆ ಮೊದಲು ತಲೆಯ ಮೇಲೆ ತಿರುಗುವ ಫ್ಯಾನನ್ನು ನೋಡಿರಿ. ಹಳೆಯ ಬಗೆಯ ಫ್ಯಾನು 70 ವಾಟು ತಿನ್ನುತ್ತದೆ, ಎಡೆಬಿಡದೆ ತಿನ್ನುತ್ತದೆ. ರಾತ್ರಿ ಎಂಟು ಗಂಟೆ ಒಂದು ಫ್ಯಾನು, ಎರಡು ಎಲ್.ಇ.ಡಿ. ದೀಪ ಹಚ್ಚಿಟ್ಟರೆ 700 ಅಲ್ಲಿಗೇ ತೀರಿತು. ಫ್ರಿಜ್ಜಿಗೆ ಉಳಿದದ್ದು ನಾಲ್ಕು ಗಂಟೆಯ ಅನ್ನ. ಫ್ರಿಜ್ಜು ದೊಡ್ಡ ಪೆಟ್ಟಿಗೆ, ಬಹಳ ತಿನ್ನುತ್ತದೆ. ಫ್ಯಾನು ಸಣ್ಣದು, ಪಾಪ, ಎಂಬುದು ನಮ್ಮ ಜನರ ಸಾಮಾನ್ಯ ನಂಬಿಗೆ. ನಿಜವು ಇದರ ತಲೆಕೆಳಗು. 30 ವಾಟಿನ ಸುತ್ತಮುತ್ತ ಓಡುವ ಬಿ.ಎಲ್.ಡಿ.ಸಿ. ಎಂಬ ಹೊಸ ಫ್ಯಾನು ಒಂದನ್ನು ಮಲಗುವ ಕೋಣೆಗೆ ಹಾಕಿಸುವದು ಇನ್ನೊಂದು ಬ್ಯಾಟರಿ ಕೊಳ್ಳುವದಕ್ಕಿಂತ ಜಾಣತನ.

ಎರಡು ದಿನ ವಿದ್ಯುತ್ತು ಬಾರದೆಂದು ತಿಳಿದಾಗ ಫ್ರಿಜ್ಜನ್ನು ಇನ್ವರ್ಟರಿನ ಮೇಲೆ ನಿರಂತರವಾಗಿ ನಡೆಸಲೇಬಾರದು. ಅದಕ್ಕೊಂದು ಪ್ರತ್ಯೇಕ ಸ್ವಿಚ್ಚು ಇಟ್ಟು ಬೆಳಿಗ್ಗೆ ಒಂದೂವರೆ ಗಂಟೆ, ಸಂಜೆ ಒಂದೂವರೆ ಗಂಟೆ ಕೊಡಿರಿ. ನಡುವಿನ ಹೊತ್ತನ್ನು ಮಂಜಿನ ಬಾಟಲಿಗಳು ನೋಡಿಕೊಳ್ಳುವವು. ಬ್ಯಾಟರಿ ಹಾಗೂ ಮಂಜುಗಡ್ಡೆ ಹೀಗೆ ಒಂದಕ್ಕೊಂದು ಹೆಗಲು ಕೊಟ್ಟರೆ ಮೂರನೆಯ ದಿನವನ್ನೂ ಕಾಣಬಹುದು. ಬ್ಯಾಟರಿಗೆ ಡಿಸ್ಟಿಲ್ಡ್ ನೀರನ್ನೇ ಹಾಕಬೇಕು, ಬಾವಿಯ ನೀರು ಎಷ್ಟು ಸಿಹಿಯಾಗಿದ್ದರೂ ಸಲ್ಲದು. ಚಾರ್ಜಾಗುವಾಗ ಅದು ಹೈಡ್ರೋಜನ್ ಬಿಡುತ್ತದೆ. ದೇವರ ದೀಪ ಉರಿಯುವ ಕೋಣೆಯಲ್ಲಿಯೂ ಮಲಗುವ ಕೋಣೆಯಲ್ಲಿಯೂ ಇಡಬೇಡಿರಿ, ಗಾಳಿಯಾಡುವ ಮೂಲೆ ಹುಡುಕಿರಿ. ಬರಿದಾದ ಬ್ಯಾಟರಿ ತುಂಬಲು ಹತ್ತು ಹನ್ನೆರಡು ಗಂಟೆ ಬೇಕೆಂಬುದೂ ನೆನಪಿರಲಿ. ನಡುವೆ ಎರಡು ಗಂಟೆ ವಿದ್ಯುತ್ತು ಬಂದು ಹೋದರೆ ಅದು ಮೂಗಿಗೆ ತುಪ್ಪ ಸವರಿದಂತೆ.

ಸೂರ್ಯಫಲಕಗಳ ವಿಷಯದಲ್ಲಿ ಜನರಿಗೆ ದೊಡ್ಡ ತಪ್ಪುಕಲ್ಪನೆ ಇದೆ. 2024ರ ಫೆಬ್ರುವರಿಯಲ್ಲಿ ಕೇಂದ್ರ ಸರಕಾರವು ಹೊರಡಿಸಿದ ಪಿ.ಎಂ. ಸೂರ್ಯಘರ್ ಯೋಜನೆಯಲ್ಲಿ ಎರಡು ಕಿಲೋವಾಟಿನವರೆಗೆ ಕಿಲೋವಾಟಿಗೆ 30,000 ರೂಪಾಯಿಯಂತೆ, ಮೂರು ಕಿಲೋವಾಟು ಮತ್ತು ಮೇಲ್ಪಟ್ಟು ಒಟ್ಟು 78,000 ರೂಪಾಯಿಯವರೆಗೆ ಸಹಾಯಧನವನ್ನು ನಿಗದಿಮಾಡಿದರು. ಒಳ್ಳೆಯ ಕಾರ್ಯವೇ. ಆದರೆ ಮಾಡಿನ ಮೇಲೆ ಫಲಕ ಹಾಕಿಸಿ ಇನ್ನು ನನಗೆ ಕತ್ತಲೆಯಿಲ್ಲ ಎಂದು ಕುಳಿತವರು ಮೊದಲ ಮಳೆಗೇ ಬೇಸ್ತು ಬೀಳುತ್ತಾರೆ. ಸರಬರಾಜಿನ ತಂತಿಗೆ ಜೋಡಿಸಿದ ಸಾದಾ ಸೌರಯಂತ್ರವು, ತಂತಿಯಲ್ಲಿ ವಿದ್ಯುತ್ತು ನಿಂತ ಕೂಡಲೆ ತಾನೂ ನಿಲ್ಲುವಂತೆ ಮಾಡಲ್ಪಟ್ಟಿದೆ. ಬಿಸಿಲು ಸುರಿಯುತ್ತಿದ್ದರೂ ಅದು ಕೆಲಸ ಮಾಡದು. ಬ್ಯಾಟರಿಯಿರುವ ಹೈಬ್ರಿಡ್ ಯಂತ್ರವಾದರೆ ಮಾತ್ರ ಫ್ರಿಜ್ಜು ನಡೆಯುವದು. ಅದರ ಖರ್ಚು ಬೇರೆ. ಮೇಲಾಗಿ ನಮ್ಮಲ್ಲಿ ವಿದ್ಯುತ್ತು ಕೈಕೊಡುವದು ಆಷಾಢದಲ್ಲಿ. ಸೂರ್ಯನೂ ಕೈಕೊಡುವದು ಆಗಲೇ.

ಆ ದಿನಗಳಲ್ಲಿ ನಮ್ಮಲ್ಲಿ ಸಮೃದ್ಧವಾಗಿರುವದು ನೀರು. ಘಟ್ಟದ ಅಂಚಿನ ಕೆಲವು ಅಡಿಕೆ ತೋಟದ ಮನೆಗಳವರು ಈ ಯುಕ್ತಿಯನ್ನು ಅರಿತಿದ್ದಾರೆ. ಮೇಲಿನ ಹಳ್ಳದಿಂದ ಪೈಪಿನಲ್ಲಿ ನೀರಿಳಿಸಿ ಚಿಕ್ಕ ಚಕ್ರವನ್ನು ತಿರುಗಿಸಿ, ಮನೆಗೆ ಬೇಕಾದ ವಿದ್ಯುತ್ತನ್ನು ಮನೆಯಲ್ಲಿಯೇ ಪಡೆಯುತ್ತಾರೆ. ಲೆಕ್ಕ ಸರಳ. ಸೆಕೆಂಡಿಗೆ 10 ಲೀಟರು ನೀರು 10 ಮೀಟರು ಕೆಳಗಿಳಿದರೆ ಅದರಲ್ಲಿರುವ ಶಕ್ತಿ 980 ವಾಟು. ಪೈಪಿನ ಉಜ್ಜಾಟ, ಯಂತ್ರದ ಸೋರುವಿಕೆಗಳಲ್ಲಿ ಅರ್ಧ ಹೋಯಿತೆನ್ನಿರಿ, ಆದರೂ 490 ಉಳಿಯಿತು. ಹಗಲೂ ರಾತ್ರಿಯೂ ನಿಲ್ಲದ 490 ವಾಟು! ಫ್ರಿಜ್ಜು, ದೀಪ, ಫ್ಯಾನುಗಳ ಜತೆಗೆ ಬ್ಯಾಟರಿಯೂ ತುಂಬುವದು. ಮಳೆ ಹೆಚ್ಚಿದಷ್ಟೂ ಇದಕ್ಕೆ ಬಲ. ಎಲ್ಲರ ಹಿತ್ತಿಲಲ್ಲಿ ಹಳ್ಳವಿಲ್ಲ, ನಿಜ. ಮಾಘ ಕಳೆದರೆ ಹಳ್ಳವೂ ಬತ್ತುತ್ತದೆ. ಆದರೆ ಹಿತ್ತಿಲಲ್ಲಿ ಹಳ್ಳವನ್ನಿಟ್ಟುಕೊಂಡು ಪೇಟೆಗೆ ಜನರೇಟರ್ ಕೊಳ್ಳಲು ಹೋಗುವವರನ್ನು ಕಂಡಿದ್ದೇನೆ, ಅದಕ್ಕಾಗಿ ಬರೆದೆ. ಕಂಪ್ರೆಸ್ಸರು ಹೊರಡುವಾಗ ಎಳೆಯುವ ಸೆಳೆತಕ್ಕೆ ಚಿಕ್ಕ ಚಕ್ರ ಕುಗ್ಗುವ ಸಂಭವವಿದೆ. ಚಕ್ರದಿಂದ ಬ್ಯಾಟರಿ ತುಂಬಿಸಿ, ಬ್ಯಾಟರಿಯಿಂದ ಫ್ರಿಜ್ಜು ನಡೆಸುವದು ಸುರಕ್ಷಿತ.

ಈಗ ಜನರೇಟರು. ಪೆಟ್ರೋಲಿನ ಚಿಕ್ಕ ಯಂತ್ರವು ಫ್ರಿಜ್ಜೊಂದಕ್ಕಾಗಿಯೇ ಓಡಿದರೂ ಗಂಟೆಗೆ ಅರ್ಧ ಲೀಟರಿನಷ್ಟು ಕುಡಿಯುತ್ತದೆ. ಇರುವೆ ಹೊರಲು ಎತ್ತಿನ ಗಾಡಿ ಕಟ್ಟಿದಂತೆ. ಕೊಂಡವರು ದಿನಕ್ಕೆ ಎರಡು ಸಾರೆ ಓಡಿಸಿ, ಆ ಹೊತ್ತಿನಲ್ಲಿಯೇ ಫ್ರಿಜ್ಜು ತಣಿಸಿ, ಬ್ಯಾಟರಿ ತುಂಬಿಸಿ, ಬಾವಿಯ ಪಂಪನ್ನೂ ನಡೆಸಿಕೊಳ್ಳಲಿ. ಆದರೆ ಹಣಕ್ಕಿಂತ ದೊಡ್ಡ ಮಾತು ಎರಡಿವೆ. ಇವನ್ನು ಓದಿದವರು ಓದದವರಿಗೂ ಹೇಳಬೇಕೆಂದು ನನ್ನ ವಿನಂತಿ.

ಮೊದಲನೆಯದು ಹೊಗೆ. ಜನರೇಟರಿನ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷವಾಯು ಇರುವದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ಮಂಪರು, ನಿದ್ದೆ ಮೊದಲಾದವು ಲಕ್ಷಣ. ಮಳೆ ಬೀಳುತ್ತಿದೆಯೆಂದು ಯಂತ್ರವನ್ನು ಜಗಲಿಯಲ್ಲಿ, ಕೊಟ್ಟಿಗೆಯಲ್ಲಿ, ಅಡಿಗೆಮನೆಯ ಹಿಂಬದಿಯ ತಡಿಕೆಯೊಳಗೆ ಇಟ್ಟು ಬಾಗಿಲು ಹಾಕಿ ಮಲಗುವದು ಮೃತ್ಯುವಿಗೆ ಚಾಪೆ ಹಾಸಿದಂತೆ. ಬಾಗಿಲು ಕಿಟಕಿಗಳಿಂದ 20 ಅಡಿಯಾದರೂ ದೂರದಲ್ಲಿ, ಬಯಲಿನಲ್ಲಿ, ಮೇಲೊಂದು ತಗಡಿನ ಚಪ್ಪರ ಹಾಕಿ ಇಡಬೇಕು.

ಎರಡನೆಯದು ತಂತಿ. ಕೆಲವರು ಎರಡೂ ತುದಿಗೆ ಪಿನ್ನಿರುವ ಒಂದು ವಾಯರು ಮಾಡಿ, ಜನರೇಟರಿನಿಂದ ಗೋಡೆಯ ಸಾಕೆಟ್ಟಿಗೆ ಚುಚ್ಚುತ್ತಾರೆ. ಮನೆಯೆಲ್ಲ ಬೆಳಗುತ್ತದೆ, ಬಹಳ ಬುದ್ಧಿವಂತಿಕೆಯೆನಿಸುತ್ತದೆ. ಆ ವಿದ್ಯುತ್ತು ಮನೆಯಲ್ಲಿಯೇ ನಿಲ್ಲುವದಿಲ್ಲ. ಮೀಟರನ್ನು ಹಿಂದಾಗಿ ದಾಟಿ, ಬೀದಿಯ ಕಂಬಕ್ಕೆ ಹೋಗಿ, ಟ್ರಾನ್ಸ್‌ಫಾರ್ಮರಿಗೆ ಮುಟ್ಟುವದು. ಟ್ರಾನ್ಸ್‌ಫಾರ್ಮರಿಗೆ ಹಿಂದು ಮುಂದಿನ ಭೇದವಿಲ್ಲ. ಮುಂದಿನಿಂದ ಬಂದ ಹನ್ನೊಂದು ಸಾವಿರವನ್ನು ಇಳಿಸುವಂತೆಯೇ, ಹಿಂದಿನಿಂದ ಬಂದ ಇನ್ನೂರ ಮೂವತ್ತನ್ನು ಹನ್ನೊಂದು ಸಾವಿರಕ್ಕೆ ಏರಿಸಿ ಕಾಡಿನ ತಂತಿಗೆ ಬಿಡುವದು. ಅಲ್ಲಿ, ತಂತಿ ಸತ್ತಿದೆಯೆಂದು ನಂಬಿ, ಮಳೆಯಲ್ಲಿ ನೆನೆಯುತ್ತ ಕಂಬವೇರಿ ನಮ್ಮ ಮನೆಗೆ ಬೆಳಕು ತರಲು ಒಬ್ಬ ತರುಣನು ಕೈಯಿಟ್ಟಿರುತ್ತಾನೆ. ಲೈನ್‌ಮನ್ ಎಂಬ ಹೆಸರು ಹೋಗಿ ಈಗ ಪವರ್‌ಮನ್ ಎಂದು ಕರೆಯುತ್ತಾರೆ. ಹೆಸರು ಬದಲಾದರೂ ಅವನ ತಾಯಿ ಮನೆಯಲ್ಲಿ ಕಾದಿರುವದು ಬದಲಾಗಿಲ್ಲ. ಹಾಲು ಮೊಸರಿನ ಪೆಟ್ಟಿಗೆಗಾಗಿ ಆ ಜೀವವನ್ನು ಪಣಕ್ಕಿಡುವ ಅಧಿಕಾರ ಯಾವ ಗೃಹಸ್ಥನಿಗೂ ಇಲ್ಲ. ಚೇಂಜ್‌ಓವರ್ ಸ್ವಿಚ್ಚನ್ನು ಅರಿತ ವಾಯರಿಂಗಿನವನಿಂದ ಹಾಕಿಸಬೇಕು. ಅದರ ಹಿಡಿ ಒಂದು ಕಡೆಗಿದ್ದರೆ ಸರಬರಾಜು, ಇನ್ನೊಂದು ಕಡೆಗಿದ್ದರೆ ಜನರೇಟರು. ಎರಡೂ ಕೂಡುವದು ಸಾಧ್ಯವೇ ಇಲ್ಲ. ಅದನ್ನು ಹಾಕಿಸುವವರೆಗೆ ಫ್ರಿಜ್ಜಿನ ಪಿನ್ನನ್ನು ಕಿತ್ತು ನೇರವಾಗಿ ಜನರೇಟರಿಗೇ ಚುಚ್ಚಿರಿ. ತುಂಡಾಗಿ ಬಿದ್ದ ತಂತಿಯನ್ನು ಕಂಡರೆ ದೂರದಲ್ಲಿಯೇ ನಿಂತು, ಇತರರನ್ನೂ ನಿಲ್ಲಿಸಿ, 1912 ಎಂಬ ಸಂಖ್ಯೆಗೆ ಫೋನು ಮಾಡಿರಿ.

ಇನ್ಸುಲಿನ್ನಿನ ಪ್ರಶ್ನೆಗೆ ಬರುತ್ತೇನೆ. ಸೋದರಿಯವರು ಇಷ್ಟೊಂದು ಭಯಪಡಬೇಕಾಗಿಲ್ಲ. ತೆರೆಯದ ಸೀಸೆಯನ್ನು 2ರಿಂದ 8 ಅಂಶಗಳ ತಂಪಿನಲ್ಲಿ ಇಡತಕ್ಕದ್ದು. ಆದರೆ ಉಪಯೋಗದಲ್ಲಿರುವ ಸೀಸೆಯು, ಬಹುತೇಕ ಜಾತಿಯವು, 30 ಅಂಶಕ್ಕೆ ಮೀರದ ಮನೆಯ ಹವೆಯಲ್ಲಿ ಸುಮಾರು 28 ದಿನ ಗುಣಗೆಡದೆ ಇರುವದು. ನಿಮ್ಮ ಔಷಧದ ಸಂಗಡ ಬಂದ ಚೀಟಿಯಲ್ಲಿ ಅದರ ಲೆಕ್ಕವಿದೆ, ವೈದ್ಯರನ್ನೂ ಕೇಳಿರಿ. ನಮ್ಮ ಮಳೆಗಾಲದ ಹವೆ ಸಾಮಾನ್ಯವಾಗಿ ಅಷ್ಟಕ್ಕೆ ಏರುವದಿಲ್ಲವಾದುದರಿಂದ ಎರಡು ಮೂರು ದಿನದ ನಿಲುಗಡೆಯಿಂದ ಸೀಸೆಗಳು ಹಾಳಾದುವೆಂದು ಚೆಲ್ಲಬೇಡಿರಿ. ತೆರೆಯದ ಸೀಸೆಯೂ ಹೊರಗಿನ ಹವೆಗೆ ಬಂದಿತಾದರೆ, ಬಂದ ದಿನಾಂಕವನ್ನು ಅದರ ಮೇಲೆ ಬರೆದು, ಅಂದಿನಿಂದ ಲೆಕ್ಕ ಹಿಡಿಯಿರಿ. ನಿಜವಾದ ಅಪಾಯ ಇನ್ನೊಂದು ದಿಕ್ಕಿನಿಂದ ಬರುವದು: ಕಾಳಜಿಯಿಂದ ಸೀಸೆಯನ್ನು ಮಂಜುಗಡ್ಡೆಗೆ ತಾಗಿಸಿ ಇಡುವದು. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಪ್ರಯೋಜನಕ್ಕೆ ಬಾರದು. ಕಣ್ಣಿಗೆ ಸರಿಯಾಗಿ ಕಂಡರೂ ಬಳಸಕೂಡದು. ಸೀಸೆಯನ್ನು ಬಟ್ಟೆಯಲ್ಲಿ ಸುತ್ತಿ, ಡಬ್ಬಿಯಲ್ಲಿ ಹಾಕಿ, ಆ ಡಬ್ಬಿಯನ್ನು ಥರ್ಮೋಕೋಲಿನ ಪೆಟ್ಟಿಗೆಯಲ್ಲಿ ಮಂಜಿನ ಬಾಟಲಿಯಿಂದ ನಾಲ್ಕು ಬೆರಳು ದೂರ ಇಟ್ಟರೆ ಸಾಕು. ಬೇಸಿಗೆಯ ನಿಲುಗಡೆಗೆ ಈ ಪೆಟ್ಟಿಗೆಯೇ ಆಧಾರ. ಹತ್ತಿರದ ಇನ್ವರ್ಟರಿದ್ದ ಮನೆಯವರು ನೆರೆಯವರ ಇಂಥ ಡಬ್ಬಿಗಳಿಗೆ ತಮ್ಮ ಫ್ರಿಜ್ಜಿನಲ್ಲಿ ಒಂದು ಮೂಲೆ ಬಿಟ್ಟುಕೊಟ್ಟರೆ ಊರಿಗೆ ಒಂದೇ ಬ್ಯಾಟರಿ ಸಾಲುತ್ತದೆ.

ಆಹಾರದಲ್ಲಿ ಯಾವದನ್ನು ಇಟ್ಟುಕೊಳ್ಳುವದು, ಯಾವದನ್ನು ಚೆಲ್ಲುವದು? ಉಪ್ಪಿನಕಾಯಿ, ಬೆಲ್ಲ, ತುಪ್ಪ, ಹುಣಸೆಯ ಗೊಜ್ಜು ಇವು ಫ್ರಿಜ್ಜು ಹುಟ್ಟುವದಕ್ಕೆ ಮೊದಲೇ ಬದುಕಿದವುಗಳು. ಅವುಗಳ ಚಿಂತೆ ಬೇಡ. ಹಾಲನ್ನು ಹೊತ್ತುಹೊತ್ತಿಗೆ ಕಾಯಿಸಿ ಇಡಬಹುದು. ಅಂಕೋಲೆಯ ಕರಿ ಈಶಾಡು ಮಾವಿಗೆ 2023ರಲ್ಲಿ ಭೌಗೋಳಿಕ ಸೂಚಕದ ಗೌರವ ಸಂದಿತು. ಅದರ ರಸವನ್ನು ಮೇಲ್ಗೂಡಿನಲ್ಲಿ ಹೆಪ್ಪುಗಟ್ಟಿಸಿ ಮೊಮ್ಮಕ್ಕಳಿಗಾಗಿ ಕಾದಿಟ್ಟ ಅಜ್ಜಿಯರು ಅನೇಕರು. ಅದರಲ್ಲಿ ಇನ್ನೂ ಮಂಜಿನ ಹರಳುಗಳಿದ್ದರೆ ಪುನಃ ಹೆಪ್ಪುಗಟ್ಟಿಸಲಡ್ಡಿಯಿಲ್ಲ. ಪೂರ್ಣ ಕರಗಿ ಬೆಚ್ಚಗಾಗಿದ್ದರೆ ಬೇಡ. ಮೀನಿನ ವಿಷಯದಲ್ಲಿ ನಾನು ತಿನ್ನದವನು. ಆದರೂ ಹೇಳುವ ಕರ್ತವ್ಯವಿದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವದರಿಂದ ಮೊದಲೇ ತಂದು ಫ್ರಿಜ್ಜಿನಲ್ಲಿ ಕೂಡಿಡುವವರಿದ್ದಾರೆ. ಬಂಗಡೆ, ತಾರ್ಲೆಗಳಂಥ ಮೀನು ತಂಪಿಲ್ಲದೆ ಕುಳಿತಾಗ ಅದರೊಳಗೆ ಹಿಸ್ಟಮೀನ್ ಎಂಬ ವಿಷವಸ್ತು ಹುಟ್ಟುತ್ತದೆ. ಎಷ್ಟು ಕುದಿಸಿದರೂ, ಎಷ್ಟು ಖಾರ ಹಾಕಿದರೂ ಅದು ಹೋಗುವದಿಲ್ಲ. ವಾಸನೆಯಿಂದಲೂ ಯಾವಾಗಲೂ ತಿಳಿಯದು. ಮುಖ ಕೆಂಪಾಗುವದು, ತಲೆ ಸಿಡಿಯುವದು, ವಾಂತಿಯಾಗುವದು. ಸಂಶಯ ಬಂದ ಮೀನು ತೆಂಗಿನ ಬುಡಕ್ಕೆ. ಮಳೆಗಾಲಕ್ಕೆ ನಮ್ಮ ಹಿರಿಯರು ಉಪ್ಪು ಹಚ್ಚಿ ಒಣಗಿಸಿದ ಮೀನನ್ನೇ ನಂಬಿದ್ದುದರಲ್ಲಿ ಅರ್ಥವಿತ್ತು.

ಮನೆಯಲ್ಲಿ ಯಾರೂ ಇಲ್ಲದಾಗ ವಿದ್ಯುತ್ತು ಹೋಗಿ ಬಂದಿತೇ, ಎಷ್ಟು ಹೊತ್ತು ಹೋಗಿತ್ತು ಎಂದು ತಿಳಿಯುವ ಉಪಾಯವೊಂದಿದೆ. ಒಂದು ಚಿಕ್ಕ ಲೋಟದಲ್ಲಿ ನೀರನ್ನು ಮೇಲ್ಗೂಡಿನಲ್ಲಿ ಹೆಪ್ಪುಗಟ್ಟಿಸಿ, ಅದರ ಮೇಲೆ ಒಂದು ರೂಪಾಯಿ ನಾಣ್ಯವಿಟ್ಟು ಊರಿಗೆ ಹೋಗಿರಿ. ಮರಳಿದಾಗ ನಾಣ್ಯ ಮೇಲೆಯೇ ಇದ್ದರೆ ಮಂಜು ಕರಗಿಲ್ಲ. ನಡುವೆ ಹೂತಿದ್ದರೆ ಅರ್ಧ ಕರಗಿ ಪುನಃ ಗಟ್ಟಿಯಾಗಿದೆ. ತಳ ಮುಟ್ಟಿದ್ದರೆ ಎಲ್ಲವೂ ಕರಗಿತ್ತು, ಒಳಗಿನ ಮೀನು, ಪಲ್ಯ, ಹಾಲುಗಳನ್ನು ಎರಡನೆಯ ಮಾತಿಲ್ಲದೆ ಹೊರಗೆ ಹಾಕಬೇಕು. ವಿದ್ಯುತ್ತು ಮರಳಿದ ಕೂಡಲೆ ಫ್ರಿಜ್ಜನ್ನು ಹಚ್ಚುವದು ಬೇಡ. ಮೊದಲ ಕೆಲವು ನಿಮಿಷ ವೋಲ್ಟೇಜು ಏರಿಳಿಯುತ್ತಿರುತ್ತದೆ, ಕಂಪ್ರೆಸ್ಸರಿನೊಳಗಿನ ಅನಿಲದ ಒತ್ತಡವೂ ಸಮನಾಗಬೇಕು. ಮೂರರಿಂದ ಐದು ನಿಮಿಷ ತಡೆದು ಹಚ್ಚುವ ಸ್ಟೆಬಿಲೈಜರ್ ಇದ್ದರೆ ಅದೇ ನೋಡಿಕೊಳ್ಳುವದು. ಇಲ್ಲದವರು ವಿದ್ಯುತ್ತು ಹೋದಾಗಲೇ ಸ್ವಿಚ್ಚು ಆರಿಸಿಟ್ಟು, ದೀಪ ಬಂದ ಮೇಲೆ ಒಂದು ಲೋಟ ಚಹ ಕುಡಿದು ಹಚ್ಚಿರಿ. ಖಾಲಿಯಾದ ಬಾಟಲಿಗಳನ್ನು ಆ ರಾತ್ರಿಯೇ ಪುನಃ ಮೇಲ್ಗೂಡಿಗೆ ಸೇರಿಸಿರಿ; ಅವು ಗಟ್ಟಿಯಾಗುವದಕ್ಕೆ ಪೂರಾ ಒಂದು ದಿನ ಬೇಕು, ಗಾಳಿಯು ಅಷ್ಟು ಹೊತ್ತು ಕಾಯುವದೆಂಬ ಭರವಸೆಯಿಲ್ಲ.